ಎರಡು ಹಡಗು, ಒಂದು ಹಿಮನದಿ

ಅಮೆರಿಕದ ಸಿಯಾಟಲ್ ನಗರದ ಆಸುಪಾಸಿನಲ್ಲಿರುವ ರೆಡ್ಮಂಡ್, ಬೆಲ್‌ವ್ಯೂ ಊರುಗಳಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆಂದು ಹೋಗಿ ನೆಲೆಸಿದ ಕನ್ನಡಿಗರು ಊರಿನಿಂದ ಅಪ್ಪ-ಅಮ್ಮನನ್ನು ಕರೆಸಿಕೊಳ್ಳುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಆ ಸೀಮೆಯ ಜಿಟಿಜಿಟಿ ಮಳೆ ಆಗ ನಿಂತಿರುತ್ತದೆ, ಮಕ್ಕಳಿಗೆ ರಜೆ ಇರುತ್ತದೆ, ರಾತ್ರಿ ಒಂಬತ್ತಾದರೂ ಹೊರಗೆ ಬೆಳಕಿರುತ್ತದೆ. ಬಂದವರಿಗೆ ಸ್ಪೇಸ್ ನೀಡಲ್ ಗೋಪುರ ತೋರಿಸಿ, ರೇನಿಯರ್ ಪರ್ವತಕ್ಕೆ ಕರೆದೊಯ್ದು ಆದ ಮೇಲೆ ಮುಂದೇನು ಎಂಬ ಪ್ರಶ್ನೆಗೆ ಅಲ್ಲಿನ ಬಹುಪಾಲು ಮನೆಗಳಲ್ಲಿ ಬರುವ ಉತ್ತರ ಒಂದೇ: ಅಲಾಸ್ಕಾ, ಅದೂ ಹಡಗಿನಲ್ಲಿ. ಏಳು ದಿನದ ಪ್ರಯಾಣ. ಊಟ, ವಸತಿ ಎರಡೂ ಹಡಗಿನಲ್ಲೇ. ಮೊಣಕಾಲು ನೋವಿನವರು ದಿನಕ್ಕೊಂದು ಹೋಟೆಲಿಗೆ ಪೆಟ್ಟಿಗೆ ಹೊರಬೇಕಾಗಿಲ್ಲ. ಕೂತಲ್ಲಿಗೇ ಊರುಗಳು ಬರುತ್ತವೆ.

ಆದರೆ ಯಾವ ಹಡಗು? ಟಿಕೆಟ್ಟನ್ನು ಐದಾರು ತಿಂಗಳು ಮೊದಲೇ ಕಾಯ್ದಿರಿಸಬೇಕಾದ್ದರಿಂದ ಈ ಚರ್ಚೆ ನಡೆಯುವುದು ಚಳಿಗಾಲದಲ್ಲಿ, ಸಾಮಾನ್ಯವಾಗಿ ವಿಡಿಯೊ ಕರೆಯಲ್ಲಿ. ಅಂಥ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಜನವರಿಯ ಶನಿವಾರ, ರೆಡ್ಮಂಡ್‌ನಲ್ಲಿ ರಾತ್ರಿ ಎಂಟು. ತೀರ್ಥಹಳ್ಳಿಯಲ್ಲಿ ಆಗಲೇ ಭಾನುವಾರ ಬೆಳಿಗ್ಗೆ ಒಂಬತ್ತೂವರೆ. ಆ ಕಡೆ ಮಗ, ಸೊಸೆ, ಎಂಟನೆಯ ತರಗತಿಯ ಮೊಮ್ಮಗಳು, ಮೂರನೆಯ ತರಗತಿಯ ಮೊಮ್ಮಗ. ಈ ಕಡೆ ತಿಂಡಿ ಮುಗಿಸಿ ಕೂತ ಅಜ್ಜಿ, ಶರಾವತಿ ವಿದ್ಯುದಾಗಾರದಲ್ಲಿ ದುಡಿದು ನಿವೃತ್ತರಾದ ಅಜ್ಜ. ಅಜ್ಜನಿಗೆ ಎಪ್ಪತ್ತೆರಡು. ಮತ್ತೊಮ್ಮೆ ಅಷ್ಟು ದೂರ ಹೋಗುವುದು ಆದೀತೆಂದು ಇಬ್ಬರಿಗೂ ನಂಬಿಕೆ ಇಲ್ಲ. ಹಾಗಾಗಿ ಆರಿಸುವುದು ಒಂದೇ ಸಲ.

ಮೇಜಿನ ಮೇಲೆ ಎರಡು ಹಡಗುಗಳ ಪ್ರಚಾರಪತ್ರ ಇವೆ. ಒಂದು 'ಓವೇಶನ್ ಆಫ್ ದ ಸೀಸ್', ರಾಯಲ್ ಕೆರಿಬಿಯನ್ ಕಂಪನಿಯದು. 2019ರಿಂದ ಹಲವು ಬೇಸಿಗೆಗಳಲ್ಲಿ ಅಲಾಸ್ಕಾ ಸುತ್ತಿದ ಹಡಗು, ಸಿಯಾಟಲ್ ಬಂದರಿನಿಂದ ಹೊರಟು ಅಲ್ಲಿಗೇ ಮರಳುವ ಬಗೆ. ಇನ್ನೊಂದು 'ಕೋನಿಂಗ್ಸ್‌ಡಾಮ್', ಹಾಲೆಂಡ್ ಅಮೆರಿಕ ಕಂಪನಿಯದು. ಕೆನಡಾದ ವ್ಯಾಂಕೂವರ್‌ನಿಂದ ಹೊರಡುವ ಬಗೆ. ಯಾವ ವರ್ಷ ಯಾವ ಹಡಗು ಎಲ್ಲಿರುತ್ತದೆ ಎಂಬುದನ್ನು ಕಂಪನಿಗಳು ಬದಲಿಸುತ್ತಲೇ ಇರುತ್ತವೆ, ಆದ್ದರಿಂದ ಹೆಸರಿಗಿಂತ ಬಗೆ ಮುಖ್ಯ. ವಿಶೇಷವೆಂದರೆ ಇವೆರಡೂ ಒಂದೇ ವಯಸ್ಸಿನವು. ಎರಡೂ ಮೊದಲ ಪ್ರಯಾಣ ಹೊರಟದ್ದು 2016ರ ಏಪ್ರಿಲ್‌ನಲ್ಲಿ. ಹಳೆಯದು ಹೊಸದು ಎಂಬ ತಕರಾರಿಗೆ ಇಲ್ಲಿ ಎಡೆಯಿಲ್ಲ.

ಮೊಮ್ಮಗಳು ನೋಟ್ ಪುಸ್ತಕದಲ್ಲಿ ಗೆರೆ ಎಳೆದು ಪಟ್ಟಿ ಮಾಡಿದ್ದಾಳೆ. ಓವೇಶನ್ನಿನ ಉದ್ದ 348 ಮೀಟರ್, ಕೋನಿಂಗ್ಸ್‌ಡಾಮ್ ಸುಮಾರು 300. ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ 4,180 ಪ್ರಯಾಣಿಕರು, ಎರಡನೆಯದರಲ್ಲಿ 2,650. ತೂಕದ ಜಾಗದಲ್ಲಿ ಆಕೆ ಬರೆದದ್ದು 1,68,666 ಟನ್ ಮತ್ತು 99,836 ಟನ್.

ಅಜ್ಜ ಇಲ್ಲೇ ತಡೆದರು. "ಅದು ತೂಕ ಅಲ್ಲ ಪುಟ್ಟಿ. ಗ್ರಾಸ್ ಟನ್ ಅಂದರೆ ಹಡಗಿನ ಒಳಗಿರೋ ಜಾಗದ ಅಳತೆ."

ಅಜ್ಜ ಹೇಳಿದ್ದು ಸರಿ. ಹಡಗಿನ ಗೋಡೆಗಳೊಳಗೆ ಎಷ್ಟು ಘನ ಮೀಟರ್ ಜಾಗವಿದೆಯೋ ಅದನ್ನು 1969ರ ಅಂತರರಾಷ್ಟ್ರೀಯ ಒಪ್ಪಂದದ ಸೂತ್ರವೊಂದರಲ್ಲಿ ಹಾಕಿ ತೆಗೆದ ಸಂಖ್ಯೆ ಅದು. ಹಿಂದಕ್ಕೆ ಲೆಕ್ಕ ಹಾಕಿದರೆ ಓವೇಶನ್ನಿನೊಳಗೆ ಸುಮಾರು 5,36,000 ಘನ ಮೀಟರ್, ಕೋನಿಂಗ್ಸ್‌ಡಾಮ್‌ನೊಳಗೆ ಸುಮಾರು 3,22,000 ಘನ ಮೀಟರ್ ಜಾಗ. ಇದನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದಾಗ ಸೋಜಿಗದ ಸಂಗತಿ ಹೊರಬೀಳುತ್ತದೆ: ತಲೆಗೆ ಒಂದರಲ್ಲಿ 128, ಇನ್ನೊಂದರಲ್ಲಿ 121 ಘನ ಮೀಟರ್. ಆರು ಮೀಟರ್ ಉದ್ದಗಲ, ಮೂರೂವರೆ ಮೀಟರ್ ಎತ್ತರದ ಒಂದು ಶಾಲಾ ಕೊಠಡಿಯಷ್ಟು ಎನ್ನಬಹುದು. (ಎಂಜಿನ್ನು, ಅಡುಗೆಮನೆ, ಸಿಬ್ಬಂದಿಯ ಕೋಣೆಗಳೂ ಅದರಲ್ಲೇ ಸೇರಿವೆ ಎಂಬುದನ್ನು ಮರೆಯಬಾರದು.) ಅಂದರೆ ದೊಡ್ಡ ಹಡಗಿನಲ್ಲಿ ಇಕ್ಕಟ್ಟು, ಸಣ್ಣದರಲ್ಲಿ ಸಲೀಸು ಎಂದು ಜನ ಆಡಿಕೊಳ್ಳುವ ಮಾತಿಗೆ ಈ ಎರಡು ಹಡಗುಗಳ ಮಟ್ಟಿಗೆ ಲೆಕ್ಕದ ಬೆಂಬಲ ಇಲ್ಲ. ಒಂದು ತಿದ್ದುಪಡಿ ಮಾತ್ರ ಬೇಕು. ಶಾಲಾ ರಜೆಯಲ್ಲಿ ಅಪ್ಪ-ಅಮ್ಮನ ಕೋಣೆಯಲ್ಲೇ ಮಕ್ಕಳೂ ಮಲಗುವುದರಿಂದ ಎಲ್ಲ ಹಾಸಿಗೆಗಳೂ ತುಂಬಿದರೆ ಓವೇಶನ್ನಿನ ಪ್ರಯಾಣಿಕರು 4,905ರವರೆಗೆ ಏರಬಹುದು. ಆಗ ಅದರ ತಲಾ ಜಾಗ 109 ಘನ ಮೀಟರ್‌ಗೆ ಇಳಿಯುತ್ತದೆ.

ಒಳಗಿನ ಸೌಕರ್ಯದ ವಿಷಯದಲ್ಲಿ ಪೈಪೋಟಿಯೇ ಇಲ್ಲ. ಓವೇಶನ್ನಿನ ಮೇಲ್ತುದಿಯಲ್ಲಿ ಗಾಜಿನ ಗೂಡೊಂದು ಉದ್ದನೆಯ ಯಂತ್ರದ ತೋಳಿನ ತುದಿಯಲ್ಲಿ ಕೂತಿದೆ. ಜನರನ್ನು ಹೊತ್ತು ಸಮುದ್ರಮಟ್ಟದಿಂದ ಸುಮಾರು 90 ಮೀಟರ್ ಎತ್ತರಕ್ಕೆ ಏರುತ್ತದೆ. ಕೆಳಗಿನಿಂದ ಗಾಳಿ ಊದಿ ಮನುಷ್ಯನನ್ನು ತೇಲಿಸುವ ಕೊಳವೆ ಇದೆ, ಡಿಕ್ಕಿ ಹೊಡೆಸಿ ಆಡುವ ಪುಟ್ಟ ಕಾರುಗಳಿವೆ. ಮೊಮ್ಮಗನ ಮತ ಅಲ್ಲಿಗೇ ಬಿದ್ದಾಯಿತು. ಕೋನಿಂಗ್ಸ್‌ಡಾಮ್‌ನಲ್ಲಿ ಇರುವುದು ಸಂಗೀತದ ವೇದಿಕೆಗಳು, ಮಳೆ ಬಂದರೆ ಮಾಡು ಮುಚ್ಚಿಕೊಳ್ಳುವ ಈಜುಕೊಳ, ಹಡಗಿನ ಸುತ್ತ ಪ್ರದಕ್ಷಿಣೆ ಬರಬಹುದಾದ ನಡೆದಾಡುವ ಜಗಲಿ. ಒಂಬತ್ತು ವರ್ಷದ ಹುಡುಗನ ಕಣ್ಣಿಗೆ ಇದೆಲ್ಲ ಸಪ್ಪೆಯೇ.

ಎಲ್ಲ ಕೇಳಿಸಿಕೊಂಡ ಅಜ್ಜಿ ಒಂದೇ ಮಾತು ಕೇಳಿದರು. "ಹಡಗಿನ ಒಳಗೆ ಏನೇನಿದೆ ಅಂತ ಹೇಳಿದ್ದಾಯ್ತು. ಹಡಗಿನಿಂದ ಹೊರಗೆ ಏನು ಕಾಣ್ತದೆ ಅಂತ ಯಾರೂ ಹೇಳ್ಲೇ ಇಲ್ವಲ್ಲ?"

ಈ ಪ್ರಶ್ನೆಯಿಂದಲೇ ಲೆಕ್ಕ ಶುರುವಾಗಬೇಕಿತ್ತು. ಪ್ರಚಾರಪತ್ರಗಳಲ್ಲಿ ಒಳಗಿನದಕ್ಕೆ ಇಪ್ಪತ್ತು ಪುಟ, ಹೊರಗಿನದಕ್ಕೆ ಕೊನೆಯಲ್ಲೊಂದು ಸಣ್ಣ ನಕ್ಷೆ. ಆ ನಕ್ಷೆಯ ಮೇಲೆ ಬೆರಳಿಟ್ಟು ನೋಡಿದರೆ ಎರಡು ಹಡಗುಗಳೂ ಬೇರೆ ಬೇರೆ ಸಮುದ್ರದಲ್ಲಿ ಸಾಗುತ್ತವೆ ಎಂದೇ ಹೇಳಬೇಕು.

ವ್ಯಾಂಕೂವರ್ ನಗರದ ಎದುರಿಗೆ ಅದೇ ಹೆಸರಿನ ದೊಡ್ಡ ದ್ವೀಪವಿದೆ. ಉದ್ದ ಸುಮಾರು 450 ಕಿ.ಮೀ. ವ್ಯಾಂಕೂವರ್‌ನಿಂದ ಹೊರಟ ಹಡಗು ಈ ದ್ವೀಪಕ್ಕೂ ಭೂಖಂಡಕ್ಕೂ ನಡುವಿನ ಕಿರಿದಾದ ನೀರಿನಲ್ಲಿ ಉತ್ತರಕ್ಕೆ ಸಾಗುತ್ತದೆ. ಎರಡೂ ಬದಿಗೆ ಕಾಡು, ಬೆಟ್ಟ, ಅಲ್ಲಲ್ಲಿ ಜಲಪಾತ. 'ಒಳದಾರಿ' ಎಂದೇ ಅದಕ್ಕೆ ಹೆಸರು. ದ್ವೀಪವೇ ಅಡ್ಡಗೋಡೆಯಾಗಿ ಶಾಂತಸಾಗರದ ಅಲೆಯನ್ನು ತಡೆಯುವುದರಿಂದ ನೀರು ಕೆರೆಯಂತೆ ಇರುತ್ತದೆ. ದ್ವೀಪ ಮುಗಿದ ಬಳಿಕ ಮಾತ್ರ ಕೆಲವು ಗಂಟೆ ತೆರೆದ ಸಮುದ್ರ. ಸಿಯಾಟಲ್‌ನಿಂದ ಹೊರಡುವ ದೊಡ್ಡ ಹಡಗುಗಳಾದರೋ ಸಾಮಾನ್ಯವಾಗಿ ದ್ವೀಪದ ಹೊರಬದಿ ಹಿಡಿಯುತ್ತವೆ. ಅಲ್ಲಿ ಜಪಾನಿನವರೆಗೂ ಅಡ್ಡಿಯಿಲ್ಲದ ಸಾಗರ. ಹೋಗುವಾಗ ಒಂದು ದಿನ, ಬರುವಾಗ ಒಂದು ದಿನ ಕಣ್ಣಿಗೆ ನೀರು ಬಿಟ್ಟರೆ ಬೇರೇನೂ ಇಲ್ಲ, ಹೊಟ್ಟೆಗೆ ತೊಳಸು ಬೇರೆ.

ಆಗುಂಬೆ ಘಾಟಿಯಲ್ಲಿ ಬಸ್ಸಿನ ಮೂರನೆಯ ತಿರುವಿಗೇ ನಿಂಬೆಹಣ್ಣು ಹುಡುಕುವ ಅಜ್ಜಿಗೆ ಇದು ಸಣ್ಣ ವಿಷಯವಲ್ಲ. ಹಡಗು ದೊಡ್ಡದಾದಷ್ಟೂ ಓಲಾಟ ಕಡಿಮೆ ಎಂಬುದೂ ನಿಜವೇ. ಉದ್ದನೆಯ ಹಡಗು ಒಂದೇ ಸಲಕ್ಕೆ ಹಲವು ಅಲೆಗಳ ಮೇಲೆ ಮಲಗುವುದರಿಂದ ಮುಂದೆ ಹಿಂದೆ ತೂಗುವುದು ತಗ್ಗುತ್ತದೆ. ಅಕ್ಕಪಕ್ಕ ವಾಲುವುದನ್ನು ತಡೆಯಲು ಹಡಗಿನ ಎರಡೂ ಬದಿಯಲ್ಲಿ ನೀರಿನೊಳಗೆ ಮೀನಿನ ಈಜುರೆಕ್ಕೆಯಂಥ ಹಲಗೆಗಳಿರುತ್ತವೆ. ಹಡಗು ಚಲಿಸುವಾಗ ಅವು ಕೋನ ಬದಲಿಸಿಕೊಳ್ಳುತ್ತ ವಾಲಿಕೆಗೆ ಎದುರಾಗಿ ಒತ್ತುತ್ತವೆ. ಆದರೂ ಕೆರೆಯಲ್ಲಿ ಸಾಗುವ ದೋಣಿಗೂ ಕಡಲಲ್ಲಿ ಸಾಗುವ ಹಡಗಿಗೂ ಹೋಲಿಕೆ ಎಲ್ಲಿಯದು? ಯಾವ ಹಡಗನ್ನೇ ಹಿಡಿಯಲಿ, ವಾಕರಿಕೆಯ ಭಯ ಇರುವವರು ನಡುಭಾಗದ, ಕೆಳ ಅಂತಸ್ತಿನ ಕೋಣೆ ಕೇಳಿ ಪಡೆಯಬೇಕು. ಏತದ ಹಲಗೆಯ ತುದಿಯಲ್ಲಿ ಕೂತವನು ಏರಿಳಿಯುತ್ತಾನೆ, ನಡುವೆ ಕೂತವನು ಕದಲುವುದಿಲ್ಲ, ಕಾರಣ ಅಷ್ಟೇ. ಅಂಥ ಕೋಣೆಗಳು ಅಗ್ಗವೂ ಇರುತ್ತವೆ ಎಂಬುದು ಲಾಭ.

ಸಿಯಾಟಲ್‌ನವರಿಗೆ ಮನೆ ಬಾಗಿಲಲ್ಲೇ ಹಡಗು ಹತ್ತುವ ಅನುಕೂಲವಿದೆ. ವ್ಯಾಂಕೂವರ್ ಆದರೆ ರಸ್ತೆಯಲ್ಲಿ 230 ಕಿ.ಮೀ. ಹೋಗಿ ಗಡಿ ದಾಟಬೇಕು. "ಹಾಗಾದರೆ ಕೆನಡಾ ವೀಸಾದ ರಗಳೆ ತಪ್ಪಿಸಲು ಸಿಯಾಟಲ್ಲೇ ಸರಿ" ಎಂದು ಮಗ ಮೊದಲು ತೀರ್ಮಾನಿಸಿದ್ದ. ಅನೇಕರು ಹೀಗೆಂದುಕೊಂಡೇ ಟಿಕೆಟ್ ಕೊಂಡು ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಅಮೆರಿಕದಲ್ಲಿ 1886ರ ಒಂದು ಕಾನೂನಿದೆ. ಪರದೇಶದ ಬಾವುಟ ಹಾರಿಸುವ ಹಡಗು ಅಮೆರಿಕದ ಬಂದರಿನಿಂದ ಪ್ರಯಾಣಿಕರನ್ನು ಹತ್ತಿಸಿಕೊಂಡು ಅದೇ ಬಂದರಿಗೆ ಮರಳಬೇಕಾದರೆ ನಡುವೆ ಪರದೇಶದ ಒಂದು ಬಂದರನ್ನಾದರೂ ಮುಟ್ಟಲೇಬೇಕು. ತಮ್ಮ ದೇಶದ ಹಡಗು ಕಂಪನಿಗಳನ್ನು ಕಾಪಾಡಲು ಮಾಡಿಕೊಂಡ ಕಟ್ಟಳೆ. ಓವೇಶನ್ ಹಾರಿಸುವುದು ಬಹಾಮಾಸ್ ಬಾವುಟ, ಕೋನಿಂಗ್ಸ್‌ಡಾಮ್ ನೆದರ್ಲೆಂಡ್ಸಿನದು. ಆದ್ದರಿಂದಲೇ ಸಿಯಾಟಲ್‌ನಿಂದ ಹೊರಡುವ ಹಡಗುಗಳು ಕೆನಡಾದ ವಿಕ್ಟೋರಿಯಾ ಊರಿನಲ್ಲಿ ಕೆಲವು ಗಂಟೆ ನಿಲ್ಲುತ್ತವೆ, ಅನೇಕ ಸಲ ಕೊನೆಯ ಸಂಜೆ, ಕಾಟಾಚಾರಕ್ಕೆಂಬಂತೆ. ಅಲ್ಲಿ ಇಳಿಯದೆ ಹಡಗಿನಲ್ಲೇ ಕೂತರೂ ಭಾರತದ ಪಾಸ್‌ಪೋರ್ಟಿನವರಿಂದ ಕಂಪನಿಗಳು ಕೆನಡಾ ವೀಸಾ ಕೇಳುತ್ತವೆ. ಕೊರೋನಾ ಕಾಲದಲ್ಲಿ ಕೆನಡಾ ತನ್ನ ಬಂದರುಗಳನ್ನು ಮುಚ್ಚಿದಾಗ ಈ ಹಳೆಯ ಕಾನೂನು ಅಲಾಸ್ಕಾದ ಊರುಗಳ ಕತ್ತು ಹಿಸುಕಿತು. 2021ರ ಮೇ ತಿಂಗಳಲ್ಲಿ ಅಮೆರಿಕದ ಸಂಸತ್ತು ತಾತ್ಕಾಲಿಕ ವಿನಾಯಿತಿ ಕೊಟ್ಟ ಮೇಲೆಯೇ ಹಡಗುಗಳು ಹೊರಟದ್ದು. ಅಂತೂ ಎರಡು ದಾರಿಗೂ ಎರಡು ದೇಶದ ವೀಸಾ ಬೇಕು. ವೀಸಾ ಉಳಿಸುವ ವಾದ ಬಿದ್ದುಹೋಯಿತು.

ಉಳಿದದ್ದು ಹಿಮನದಿ. ಅಲಾಸ್ಕಾಕ್ಕೆ ಹೋಗುವುದು ಅದನ್ನು ನೋಡಲಿಕ್ಕೆ ತಾನೆ. ಓವೇಶನ್ ಬಗೆಯ ಪ್ರಯಾಣಗಳಲ್ಲಿ ಸಾಮಾನ್ಯವಾಗಿ ಇರುವುದು ಜೂನೋ ಊರಿನ ದಕ್ಷಿಣಕ್ಕಿರುವ ಎಂಡಿಕಾಟ್ ಆರ್ಮ್ ಎಂಬ ಕಡಲ ಕಣಿವೆ, ಅದರ ಕೊನೆಯಲ್ಲಿ ಡಾಸ್ ಹಿಮನದಿ. ಹಿಂದಿನ ಹಿಮಯುಗದ ನೀರ್ಗಲ್ಲು ಬೆಟ್ಟವನ್ನು ಕೆತ್ತಿ ಮಾಡಿದ ಕಮರಿಗೆ ಸಮುದ್ರ ನುಗ್ಗಿ ಆದ ಜಾಗ. ಎರಡೂ ಕಡೆ ಕಡಿದಾದ ಬಂಡೆ, ನೀರಿನ ದಾರಿ ಕಿರಿದು. ಚೆಲುವಿಗೇನೂ ಕೊರತೆಯಿಲ್ಲ. ತೇಲುವ ಮಂಜುಗಡ್ಡೆ ಹೆಚ್ಚಾದ ದಿನ ದೊಡ್ಡ ಹಡಗು ಹಿಮನದಿಯಿಂದ ದೂರದಲ್ಲೇ ನಿಂತು ಹಿಂತಿರುಗುತ್ತದೆ, ಅದು ಆ ದಿನದ ಅದೃಷ್ಟ. ಪಕ್ಕದ್ದೇ ಆದ ಟ್ರೇಸಿ ಆರ್ಮ್ ಎಂಬ ಕಣಿವೆಯಲ್ಲಿ 2025ರ ಆಗಸ್ಟ್ 10ರ ಬೆಳಗಿನ ಜಾವ ಬೆಟ್ಟದ ಬದಿಯೇ ಜರಿದು ನೀರಿಗೆ ಬಿತ್ತು. ಎದ್ದ ಅಲೆ ಎದುರು ದಡದಲ್ಲಿ ನೂರಾರು ಮೀಟರ್ ಎತ್ತರಕ್ಕೆ ಏರಿತು. ಪುಣ್ಯಕ್ಕೆ ಜೀವಹಾನಿ ಆಗಲಿಲ್ಲ. ಹಿಮನದಿ ಹಿಂದೆ ಸರಿದಾಗ ಅದರ ಆನಿಕೆಯಲ್ಲಿ ನಿಂತಿದ್ದ ಬೆಟ್ಟಗಳು ಆಸರೆ ಕಳೆದುಕೊಳ್ಳುತ್ತವೆ.

ಕೋನಿಂಗ್ಸ್‌ಡಾಮ್ ಬಗೆಯ ಪ್ರಯಾಣದಲ್ಲಿ ಇರುವುದು ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನ. ಇಲ್ಲಿಗೆ ಬೇಕೆಂದವರೆಲ್ಲ ನುಗ್ಗುವಂತಿಲ್ಲ. ದಿನಕ್ಕೆ ಎರಡೇ ದೊಡ್ಡ ಹಡಗು, ಅದೂ ಉದ್ಯಾನದವರು ಪರವಾನಗಿ ಕೊಟ್ಟ ಕೆಲವೇ ಕಂಪನಿಗಳದು. ದೇವಸ್ಥಾನದ ಗರ್ಭಗುಡಿಯಲ್ಲಿ ನೂಕುನುಗ್ಗಲು ಆಗದಂತೆ ಬಾಗಿಲಲ್ಲಿ ಒಬ್ಬರು ನಿಂತ ಹಾಗೆ. ಹಡಗು ಒಳಗೆ ಎಲ್ಲೂ ಲಂಗರು ಹಾಕಿ ಜನರನ್ನು ಇಳಿಸುವುದಿಲ್ಲ. ಬೆಳಿಗ್ಗೆ ಹೊಕ್ಕು, ಇಡೀ ಹಗಲು ನಿಧಾನವಾಗಿ ಸಾಗಿ, ಸಂಜೆ ಹೊರಬರುತ್ತದೆ. ಬಾಯಿಯಲ್ಲೇ ಉದ್ಯಾನದ ರೇಂಜರ್‌ಗಳು ಸಣ್ಣ ದೋಣಿಯಲ್ಲಿ ಬಂದು, ಚಲಿಸುವ ಹಡಗಿನ ಪಕ್ಕಕ್ಕೆ ಇಳಿಬಿಟ್ಟ ಏಣಿ ಹತ್ತಿ ಮೇಲೆ ಬರುತ್ತಾರೆ. ದಿನವಿಡೀ ಧ್ವನಿವರ್ಧಕದಲ್ಲಿ ವಿವರಿಸುತ್ತಾರೆ, ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುತ್ತಾರೆ.

ಆ ಪಾಠಕ್ಕೆ ಭೂಮಿಯ ಮೇಲೆ ಅದಕ್ಕಿಂತ ಒಳ್ಳೆಯ ಕರಿಹಲಗೆ ಸಿಗುವುದು ಕಷ್ಟ. 1794ರಲ್ಲಿ ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರನ ತಂಡ ಈ ಕರಾವಳಿಯ ನಕ್ಷೆ ಮಾಡುತ್ತ ಬಂದಾಗ ಇಲ್ಲಿ ಕೊಲ್ಲಿಯೇ ಇರಲಿಲ್ಲ. ಅವನ ಸಹಾಯಕ ಜೋಸೆಫ್ ವಿಡ್ಬಿ ಕಂಡದ್ದು ಎದುರಿಗೆ ಅಡ್ಡ ನಿಂತ ಮಂಜಿನ ಗೋಡೆ. (ರೆಡ್ಮಂಡ್ ಮಕ್ಕಳು ಭಾನುವಾರ ಹೋಗುವ ವಿಡ್ಬಿ ದ್ವೀಪಕ್ಕೆ ಈತನದೇ ಹೆಸರು.) 1879ರಲ್ಲಿ ಪ್ರಕೃತಿ ಬರಹಗಾರ ಜಾನ್ ಮ್ಯೂರ್ ದೋಣಿಯಲ್ಲಿ ಬಂದಾಗ ಆ ಗೋಡೆ ಹತ್ತಾರು ಕಿ.ಮೀ. ಹಿಂದೆ ಸರಿದು, ನಕ್ಷೆಯಲ್ಲಿಲ್ಲದ ಕೊಲ್ಲಿಯೊಂದು ತೆರೆದುಕೊಂಡಿತ್ತು. 1916ರ ಹೊತ್ತಿಗೆ ಮಂಜು ಬಾಯಿಯಿಂದ 105 ಕಿ.ಮೀ. ಒಳಗೆ ಹೋಗಿತ್ತು. ಅಂದರೆ ಹಡಗು ಹೊಕ್ಕ ಕೂಡಲೇ ಎಡಬಲಕ್ಕೆ ಕಾಣುವ ದಟ್ಟ ಕಾಡಿಗೆ ಇನ್ನೂರು ವರ್ಷಕ್ಕೂ ಮೀರಿದ ವಯಸ್ಸು. ಮಧ್ಯಾಹ್ನದ ಹೊತ್ತಿಗೆ ಕಾಡು ಕುರುಚಲಾಗುತ್ತದೆ, ಆಮೇಲೆ ಹಾವಸೆ, ಕೊನೆಗೆ ಬರೀ ಬಂಡೆ. ಒಂದೇ ಹಗಲಿನಲ್ಲಿ ಇನ್ನೂರು ವರ್ಷ ಹಿಂದಕ್ಕೆ ಸಾಗಿದ ಹಾಗೆ. ಮಂಜು ಬಿಟ್ಟುಕೊಟ್ಟ ಬರಡು ನೆಲದಲ್ಲಿ ಯಾವ ಗಿಡ ಮೊದಲು ಬರುತ್ತದೆ, ಯಾವುದು ಆಮೇಲೆ ಎಂದು ತಿಳಿಯಲು ವಿಲಿಯಂ ಕೂಪರ್ ಎಂಬ ವಿಜ್ಞಾನಿ 1916ರಲ್ಲೇ ಅಲ್ಲಿ ಚೌಕಗಳನ್ನು ಗುರುತು ಮಾಡಿಟ್ಟ. ಅವುಗಳ ಅಧ್ಯಯನ ಈ ಶತಮಾನದಲ್ಲೂ ಮುಂದುವರಿದಿದೆ. ಅವನಂಥವರ ಒತ್ತಾಯದಿಂದಲೇ 1925ರಲ್ಲಿ ಜಾಗಕ್ಕೆ ರಕ್ಷಣೆ ದೊರೆತದ್ದು; 1980ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಮಂಜಿನ ಭಾರ ಇಳಿದ ನೆಲ, ತಲೆಯ ಹೊರೆ ಇಳಿಸಿದವನು ಬೆನ್ನು ನೆಟ್ಟಗೆ ಮಾಡುವಂತೆ, ವರ್ಷಕ್ಕೆ ಸುಮಾರು ಮೂರು ಸೆಂಟಿಮೀಟರ್ ಮೇಲೇಳುತ್ತಿದೆ.

ಮಂಜು ಸರಿಯುವ ಮೊದಲಿನ ಕಥೆಯೂ ಇದೆ. ಈ ಕಣಿವೆಯಲ್ಲಿ ಹೂನಾ ಕ್ಲಿಂಗಿಟ್ ಜನರ ಊರುಗಳಿದ್ದವು. 1700ರ ದಶಕದಲ್ಲಿ ಹಿಮನದಿ ಮುನ್ನುಗ್ಗಿ ಬಂದು ಅವರನ್ನು ಒಕ್ಕಲೆಬ್ಬಿಸಿತು. ಶರಾವತಿಯ ಹಿನ್ನೀರಿಗೆ ಊರು ಬಿಟ್ಟವರನ್ನು ಕಂಡ ಅಜ್ಜನಿಗೆ ಈ ಕಥೆಯ ನಡುವೆ ಮಾತು ನಿಂತಿತು. ಆ ಜನರ ಬುಡಕಟ್ಟಿನ ಮನೆಯೊಂದನ್ನು ಉದ್ಯಾನದ ಬಾಯಿಯಲ್ಲಿ ಮತ್ತೆ ಕಟ್ಟಿ ಒಪ್ಪಿಸಿದ್ದು 2016ರಲ್ಲಿ, ಈ ಎರಡು ಹಡಗುಗಳು ನೀರಿಗಿಳಿದು ಓಡಾಡಲು ತೊಡಗಿದ ವರ್ಷವೇ.

ಕೊನೆಯಲ್ಲಿ ಮಾರ್ಜರಿ ಹಿಮನದಿ. ಮುಖದ ಅಗಲ ಸುಮಾರು ಒಂದೂವರೆ ಕಿ.ಮೀ., ನೀರಿನ ಮೇಲೆ ಕಾಣುವ ಎತ್ತರ ಇಪ್ಪತ್ತು ಅಂತಸ್ತಿನ ಕಟ್ಟಡದಷ್ಟು. ಹಡಗು ಅದರೆದುರು ಸುಮಾರು ಒಂದು ಗಂಟೆ ನಿಂತು ಮೆಲ್ಲಗೆ ಒಂದು ಸುತ್ತು ತಿರುಗುತ್ತದೆ, ಹಾಗಾಗಿ ಎಡಗಡೆ ಕೋಣೆಯೇ ಬೇಕು ಬಲಗಡೆಯೇ ಬೇಕು ಎಂದು ಹೆಚ್ಚು ಹಣ ತೆರಬೇಕಾದ್ದಿಲ್ಲ. ಅಂದು ಮೂತಿಯ ಬಳಿಯ ಅಟ್ಟವನ್ನೂ ಪ್ರಯಾಣಿಕರಿಗೆ ತೆರೆದು, ಚಳಿಗೆ ಬಿಸಿ ಬಟಾಣಿ ಸೂಪು ಹಂಚುವುದು ಹಾಲೆಂಡ್ ಕಂಪನಿಯ ಪದ್ಧತಿ. ಡಚ್ಚರ ಆ ಸೂಪಿನಲ್ಲಿ ಮಾಂಸ ಬೆರೆಸುವುದುಂಟು, ಸಸ್ಯಾಹಾರಿಗಳು ಕೇಳಿಕೊಂಡೇ ಬಟ್ಟಲು ಹಿಡಿಯಬೇಕು. ಮಂಜು ನೀಲಿಯಾಗಿ ಕಾಣುತ್ತದೆ: ಶತಮಾನಗಳ ಹಿಮದ ಒತ್ತಡಕ್ಕೆ ಗಾಳಿಗುಳ್ಳೆಗಳು ಹಿಂಡಿಹೋದ ದಟ್ಟ ನೀರ್ಗಲ್ಲು ಬೆಳಕಿನ ಕೆಂಪು ಭಾಗವನ್ನು ಹೀರಿಕೊಂಡು ನೀಲಿಯನ್ನು ಉಳಿಸುತ್ತದೆ. ನೀರು ಹಸಿರು ಹಾಲಿನಂತೆ: ಹಿಮನದಿ ಬೀಸುವ ಕಲ್ಲಿನಂತೆ ಬಂಡೆಯನ್ನು ಅರೆದು ಮಾಡಿದ ನುಣುಪು ಹಿಟ್ಟು ಅದರಲ್ಲಿ ತೇಲುತ್ತಿರುತ್ತದೆ. ಎಲ್ಲರೂ ಸುಮ್ಮನಾಗಿ ಕಾಯುತ್ತಾರೆ. ಗೋಡೆಯ ಒಂದು ಭಾಗ ಕಳಚಿ ಜಾರುವುದು ಮೊದಲು ಕಾಣುತ್ತದೆ; ಹಡಗು ಅರ್ಧ ಕಿ.ಮೀ. ದೂರದಲ್ಲಿದ್ದರೆ ಗುಡುಗಿನಂಥ ಸದ್ದು ಕಿವಿ ಮುಟ್ಟುವುದು ಒಂದೂವರೆ ಸೆಕೆಂಡು ಬಿಟ್ಟು. ಕ್ಲಿಂಗಿಟ್ ಜನ ಅದನ್ನು 'ಬಿಳಿ ಗುಡುಗು' ಎಂದು ಕರೆದರು. ಮಿಂಚಿನ ಪಾಠದಲ್ಲಿ ಬರುವ ಬೆಳಕು-ಶಬ್ದದ ವೇಗದ ಲೆಕ್ಕವನ್ನು ಅಲ್ಲಿ ಗಡಿಯಾರ ಹಿಡಿದು ಮಾಡಬಹುದು. ಪಕ್ಕದ ಜಾನ್ಸ್ ಹಾಪ್ಕಿನ್ಸ್ ಕವಲಿಗೆ ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ದೊಡ್ಡ ಹಡಗುಗಳಿಗೆ ಪ್ರವೇಶವಿಲ್ಲ. ತೇಲುವ ಮಂಜುಗಡ್ಡೆಗಳ ಮೇಲೆ ಸೀಲ್‌ಗಳು ಮರಿಹಾಕಿ ಸಾಕುವ ಕಾಲ ಅದು.

ಕರಗುತ್ತಿರುವ ಮಂಜನ್ನು ನೋಡಲು ಇಷ್ಟೊಂದು ಎಣ್ಣೆ ಸುಡುತ್ತ ಹೋಗುವುದರಲ್ಲಿ ಒಂದು ವಕ್ರತೆ ಇದ್ದೇ ಇದೆ. ಬಂದರಿನಲ್ಲಿ ನಿಂತಾಗಲಾದರೂ ಹೊಗೆ ಬಿಡದಿರಲೆಂದು ಜೂನೋದಲ್ಲಿ 2001ರಲ್ಲೇ ದಡದಿಂದ ಜಲವಿದ್ಯುತ್ತಿನ ತಂತಿ ಎಳೆದು ಹಡಗಿಗೆ ಕೊಟ್ಟರು, ವಿಹಾರದ ಹಡಗುಗಳ ಮಟ್ಟಿಗೆ ಜಗತ್ತಿನಲ್ಲೇ ಮೊದಲು. ಜಲವಿದ್ಯುತ್ತಿನ ಮನುಷ್ಯರಾದ ಅಜ್ಜ ಇದನ್ನು ಎರಡು ಸಲ ಹೇಳಿಸಿಕೊಂಡರು.

ಊರುಗಳ ವಿಷಯದಲ್ಲಿ ಎರಡೂ ದಾರಿಗೆ ಅಂಥ ವ್ಯತ್ಯಾಸವಿಲ್ಲ. ರಾಜಧಾನಿ ಜೂನೋಗೆ ಹೊರಗಿನಿಂದ ರಸ್ತೆಯೇ ಇಲ್ಲ, ಬರುವುದಾದರೆ ಹಡಗು ಇಲ್ಲವೆ ವಿಮಾನ. ಮೂವತ್ತೆರಡು ಸಾವಿರ ಜನರ ಆ ಊರಿಗೆ 2023ರ ಒಂದೇ ಬೇಸಿಗೆಯಲ್ಲಿ 16 ಲಕ್ಷಕ್ಕೂ ಹೆಚ್ಚು ಹಡಗಿನ ಪ್ರವಾಸಿಗರು ಬಂದರು. ಕೊನೆಗೆ ಊರಿನವರು ಪಟ್ಟುಹಿಡಿದು 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗು ಎಂಬ ಮಿತಿ ತಂದರು. ಸ್ಕಾಗ್ವೇಯಲ್ಲಿ ಚಿನ್ನದ ಬೇಟೆಯ ಕಾಲದಲ್ಲಿ, 1898ರಿಂದ 1900ರ ನಡುವೆ, ಹಾಕಿದ ಪುಟ್ಟ ರೈಲುದಾರಿ ಇದೆ. ಹಳಿಗಳ ನಡುವಿನ ಅಂತರ ಮೂರೇ ಅಡಿ. ಬಂದರಿನಿಂದ ಹೊರಟು 32 ಕಿ.ಮೀ. ಒಳಗೇ 870 ಮೀಟರ್ ಏರುತ್ತದೆ. ಕೆಚಿಕನ್ ಎಂಬಲ್ಲಿ ವರ್ಷಕ್ಕೆ ಸುಮಾರು 3,800 ಮಿ.ಮೀ. ಮಳೆ ಎಂದು ಮೊಮ್ಮಗಳು ಹೆದರಿಸಿದಾಗ ಅಜ್ಜಿ ನಕ್ಕುಬಿಟ್ಟರು. ಏಳು ಸಾವಿರ ಮೀರಿ ಸುರಿಯುವ ಆಗುಂಬೆಯ ನೆರೆಯವರಿಗೆ ಅದು ಅರ್ಧ ಮಳೆ.

ಇನ್ನು ದುಡ್ಡು. ದರ ವಾರವಾರಕ್ಕೆ ಬದಲಾಗುತ್ತದೆ. ಜೂನ್, ಜುಲೈಗಿಂತ ಮೇ, ಸೆಪ್ಟೆಂಬರ್ ಅಗ್ಗ, ಆದರೆ ಶಾಲೆ ಇರುತ್ತದೆ. ಟಿಕೆಟ್ ದರದಲ್ಲಿ ಸೇರದ ಬಾಬತ್ತುಗಳನ್ನು ಬೇರೆ ಬರೆದಿಡಬೇಕು. ಸಿಬ್ಬಂದಿಗೆ ಭಕ್ಷೀಸು ಎಂದು ದಿನಕ್ಕೆ ತಲೆಗೆ 15 ಡಾಲರ್‌ಗೂ ಮೇಲೆ ಬಿಲ್ಲಿಗೆ ಸೇರಿಸುತ್ತಾರೆ. ಆರು ಜನರಿಗೆ ಏಳು ದಿನಕ್ಕೆ ಅದೇ 630 ಡಾಲರ್ ದಾಟುತ್ತದೆ. ಇಂಟರ್ನೆಟ್ಟು, ಬಂದರಿನಲ್ಲಿ ಇಳಿದು ಹತ್ತುವ ರೈಲು, ತಿಮಿಂಗಿಲ ತೋರಿಸುವ ದೋಣಿ ಎಲ್ಲವೂ ಬೇರೆ. ಗ್ಲೇಸಿಯರ್ ಬೇಯ ದಿನ ಮಾತ್ರ ಇಳಿಯುವ ಊರೇ ಇಲ್ಲದ್ದರಿಂದ ಜೇಬಿಗೆ ಕೈ ಹೋಗುವುದಿಲ್ಲ.

ಲೆಕ್ಕ ಮುಗಿಯುವಾಗ ರೆಡ್ಮಂಡ್‌ನಲ್ಲಿ ಹತ್ತು ಗಂಟೆ. ಮೊಮ್ಮಗ ಮುಖ ಊದಿಸಿಕೊಂಡು ಸೋಫಾದ ಮೇಲೆ ಮಲಗಿದ್ದ. "ಗಾಜಿನ ಗೂಡು ಇನ್ನೊಂದು ವರ್ಷವೂ ಅಲ್ಲೇ ಇರ್ತದೆ ಕಣೋ, ಅಜ್ಜ ಅಜ್ಜಿ ಜೊತೆ ಹೋಗೋದು ಈ ವರ್ಷ" ಎಂದು ಅಮ್ಮ ಹೇಳಿದ್ದಕ್ಕೆ ಅವನು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಏಣಿ ಹತ್ತಿ ಬರುವ ರೇಂಜರ್ ಮಕ್ಕಳಿಗೆ ಬಿಲ್ಲೆ ಕೊಡುತ್ತಾರೆಯೇ ಎಂದು ಮಾತ್ರ ಕೇಳಿದ. ಮಗ ವ್ಯಾಂಕೂವರ್ ಪ್ರಯಾಣದ, ನಡುಭಾಗದ ಕೆಳ ಅಂತಸ್ತಿನ ಎರಡು ಕೋಣೆಗಳಿಗೆ ಗುರುತು ಹಾಕಿದ. ಹಣ ಕಟ್ಟುವುದು ಅಜ್ಜ-ಅಜ್ಜಿಯ ಕೆನಡಾ ವೀಸಾ ಕೈಗೆ ಬಂದ ಮೇಲೆ, ಅದಕ್ಕೆ ಬೆರಳಚ್ಚು ಕೊಡಲು ಇಬ್ಬರೂ ಬೆಂಗಳೂರಿಗೆ ಹೋಗಿ ಬರಬೇಕು ಎಂದಾಯಿತು.

ಅಜ್ಜ ರಾತ್ರಿ ಬಸ್ಸಿನ ಹೊತ್ತು ನೋಡಲು ಕನ್ನಡಕ ಹುಡುಕುತ್ತಿದ್ದರು. ಅಜ್ಜಿಗೆ ಇನ್ನೂ ಒಂದು ಸಂಶಯ ಉಳಿದಿತ್ತು. "ಬೆಳಿಗ್ಗೆ ಬೆಳಿಗ್ಗೆ ಆ ಚಳಿಯಲ್ಲಿ ಏಣಿ ಹತ್ತಿ ಬರ್ತಾರಲ್ಲ ಅವರು, ಅವರಿಗೆ ತಿಂಡಿ ಹಡಗಿನಲ್ಲೇ ಕೊಡ್ತಾರೇನೋ?"